ಡಂಬಳದ ತಾರಾದೇವಿಯೂ ನಮ್ಮ ಹಳೆಯ ಹಗೆಯೂ

ಪ್ರವಾಸವನ್ನು ಕೈಕೊಳ್ಳುವದಕ್ಕೆ ಕಾಶಿ ರಾಮೇಶ್ವರಗಳೇ ಬೇಕೆಂದಿಲ್ಲ. ಮನೆಯ ಹೊಸ್ತಿಲಿನಿಂದ ಹತ್ತು ಹರದಾರಿಯೊಳಗಿನ ಊರುಗಳನ್ನೇ ನಮ್ಮಲ್ಲಿ ಅನೇಕರು ಕಣ್ಣು ತೆರೆದು ನೋಡಿರುವದಿಲ್ಲ. ಗದಗ-ಬೆಟಗೇರಿಯಲ್ಲಿ ಮೂವತ್ತು ವರ್ಷಗಳಿಗೂ ಮಿಕ್ಕಿ ಒಕ್ಕಲಾಗಿ, ಹುಡುಗರಿಗೆ ರಾಮಶಬ್ದದಿಂದ ಹಿಡಿದು ಮೇಘದೂತದ ವರೆಗೆ ಪಾಠ ಹೇಳಿ, ಕಳೆದ ವರ್ಷ ನಿವೃತ್ತರಾಗಿ ಮನೆಯಲ್ಲಿ ಕುಳಿತ ನಾವು, ಡಂಬಳವನ್ನು ಬಸ್ಸಿನ ಕಿಟಕಿಯೊಳಗಿಂದಲ್ಲದೆ ಬೇರೆ ರೀತಿಯಿಂದ ನೋಡಿದ್ದಿಲ್ಲವೆಂದರೆ ವಾಚಕರು ನಗಬಹುದು. ನಗುವದಕ್ಕೆ ನಮ್ಮ ಅಡ್ಡಿಯಿಲ್ಲ.

ಆದರೆ ಈ ಸಲದ ಪ್ರಯಾಣಕ್ಕೆ ಕಾರಣ ಬರಿಯ ಕುತೂಹಲವಲ್ಲ. ಭಾದ್ರಪದದ ಮೊದಲ ವಾರದಲ್ಲಿ ಹಳೆಯ ಸ್ನೇಹಿತರೊಬ್ಬರು ದೂರವಾಣಿಯಲ್ಲಿ ಒಂದು ಸುದ್ದಿ ತಿಳಿಸಿದರು. ಒಂದು ಕಾಲಕ್ಕೆ ನಮ್ಮ ಸಂಗಡ ಕೆಲಸ ಮಾಡಿದ ಮಾಸ್ತರರೊಬ್ಬರು ಅರ್ಧಾಂಗವಾಯುವಿನಿಂದ ಹಾಸಿಗೆ ಹಿಡಿದು ಶಿರಹಟ್ಟಿಯ ಕಡೆಯ ತಮ್ಮ ಹಳ್ಳಿಯಲ್ಲಿದ್ದಾರೆಂದೂ, ಬಹಳ ದಿನ ಉಳಿಯುವ ಲಕ್ಷಣವಿಲ್ಲವೆಂದೂ ಹೇಳಿ, “ನೀವೊಮ್ಮೆ ಹೋಗಿ ಬರ್ರಿ” ಎಂದು ಮಾತು ಮುಗಿಸಿದರು. ಆ ಮಾಸ್ತರರ ಹೆಸರು ನಮ್ಮ ಮನೆಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಯಾರ ಬಾಯಲ್ಲಿಯೂ ಬಂದಿದ್ದಿಲ್ಲ.

ಸಂಗತಿಯನ್ನು ಸಂಕ್ಷೇಪವಾಗಿ ಹೇಳಿಬಿಡುತ್ತೇವೆ. ಆಗ ನಾವು ಕೆಲಸ ಮಾಡುತ್ತಿದ್ದ ಶಾಲೆಯ ಹುಡುಗರನ್ನು ಬದಾಮಿ, ಐಹೊಳೆಗಳಿಗೆ ಕರೆದೊಯ್ದು ತಂದಿದ್ದೆವು. ಪ್ರವಾಸದ ಹಣವನ್ನು ನಾವು ನುಂಗಿದ್ದೇವೆಂದು ಹೆಸರಿಲ್ಲದ ಅರ್ಜಿಯೊಂದು ಮೇಲಿನವರಿಗೆ ಹೋಯಿತು. ವಿಚಾರಣೆ ಒಂದೂವರೆ ವರ್ಷ ನಡೆಯಿತು. ಕೊನೆಗೆ ನಮ್ಮ ಲೆಕ್ಕವು ಸರಿಯಾಗಿದೆಯೆಂದು ತೀರ್ಮಾನವಾಯಿತಾದರೂ, ಅಷ್ಟರೊಳಗೆ ನಮಗೆ ಬರಬೇಕಾಗಿದ್ದ ಮುಖ್ಯಾಧ್ಯಾಪಕರ ಸ್ಥಾನವು ಬೇರೆಯವರಿಗೆ ಹೋಗಿತ್ತು. ವಿಚಾರಣೆಯ ಕಾಲಕ್ಕೆ ಆ ಅರ್ಜಿಯನ್ನು ನಮಗೆ ತೋರಿಸಿದ್ದರು. ಅದರೊಳಗಿನ ಳಕಾರದ ಬಾಲವನ್ನು ನೋಡಿದ ಕೂಡಲೇ ಅದು ಯಾರ ಕೈಯೆಂಬದು ನಮಗೆ ತಿಳಿಯಿತು. ನಮ್ಮ ಮನೆಯಲ್ಲಿ ಎಷ್ಟೋ ಸಲ ಉಂಡುಹೋದ ಕೈ ಅದು.

ಸ್ಥಾನವು ತಪ್ಪಿದ್ದಕ್ಕಾಗಿ ನಾವು ಅಷ್ಟು ಮರುಗಲಿಲ್ಲ. ಒಂದು ಸಂಜೆ ಅವ್ವ ಕೌದಿ ಹೊಲಿಯುತ್ತ ಕುಳಿತವಳು ತಲೆಯೆತ್ತದೆಯೇ, “ಲೆಕ್ಕಾ ಎಲ್ಲಾ ಸರಿ ಐತೇನಪ್ಪಾ?” ಎಂದು ಕೇಳಿದಳು. “ಸರಿ ಐತಿ” ಎಂದೆವು. ಆಕೆ ಮತ್ತೆ ಕೇಳಲಿಲ್ಲ. ತೀರ್ಮಾನ ಬರುವದಕ್ಕೆ ನಾಲ್ಕು ತಿಂಗಳು ಮೊದಲೇ ತೀರಿಕೊಂಡಳು. ಹೆತ್ತ ತಾಯಿಯು ನಮ್ಮನ್ನು ಆ ಪ್ರಶ್ನೆ ಕೇಳುವಂತೆ ಮಾಡಿದವನನ್ನು ಕ್ಷಮಿಸುವದು ಸಾಧ್ಯವಿಲ್ಲವೆಂದು ನಾವು ಅಂದೇ ಗಂಟು ಹಾಕಿಕೊಂಡೆವು.

ಗಂಟು ಎಂಬ ಮಾತನ್ನು ಸುಮ್ಮನೆ ಹೇಳಿಲ್ಲ. ಬೌದ್ಧ ಶಾಸ್ತ್ರಕಾರರು ಇಂಥ ಹಗೆಗೆ ‘ಉಪನಾಹ’ವೆಂದು ಕರೆದಿದ್ದಾರೆ. ‘ನಹ್’ ಎಂಬ ಧಾತುವಿಗೆ ಕಟ್ಟುವದೆಂದು ಅರ್ಥ. ನಮ್ಮ ವೈದ್ಯಶಾಸ್ತ್ರದಲ್ಲಿ ಗಾಯಕ್ಕೆ, ಬಾವಿಗೆ ಬಿಸಿ ಮಾಡಿ ಕಟ್ಟುವ ಪಟ್ಟಿಗೂ ಉಪನಾಹವೆಂದೇ ಹೆಸರು. ಸಿಟ್ಟು ಬಂದು ಹೋಗುವಂಥದು. ಅದನ್ನು ಹೋಗಗೊಡದೆ ಗಾಯದ ಮೇಲೆ ಬಿಗಿದು ಕಟ್ಟಿಕೊಂಡು, ಆರುತ್ತ ಬಂದಾಗ ಮತ್ತೆ ಬಿಸಿ ಮಾಡಿ ಕಟ್ಟಿಕೊಳ್ಳುವದು ಉಪನಾಹ. ನಾವು ಇಪ್ಪತ್ತೆರಡು ವರ್ಷ ಮಾಡಿದ್ದು ಇದನ್ನೇ.

ಸುದ್ದಿ ಬಂದ ರಾತ್ರಿ ನಿದ್ರೆ ಹತ್ತದೆ ಕಪಾಟಿನಿಂದ ಧರ್ಮಾನಂದ ಕೋಸಂಬಿಯವರು ಸಂಪಾದಿಸಿದ ನಾಗರಿ ಲಿಪಿಯ ‘ವಿಸುದ್ಧಿಮಗ್ಗ’ವನ್ನು ತೆಗೆದೆವು. ಐದನೆಯ ಶತಮಾನದಲ್ಲಿ ಸಿಂಹಳದ್ವೀಪದಲ್ಲಿ ಬುದ್ಧಘೋಷಾಚಾರ್ಯರು ಪಾಲಿಯಲ್ಲಿ ಬರೆದ ಗ್ರಂಥವಿದು. ಸಂಸ್ಕೃತ ಬಲ್ಲವರಿಗೆ ಪಾಲಿ ಅಷ್ಟು ದೂರದ ಭಾಷೆಯಲ್ಲ. ಅದರ ಒಂಬತ್ತನೆಯ ಪರಿಚ್ಛೇದದಲ್ಲಿ ಮೈತ್ರೀಭಾವನೆಯನ್ನು ಸಾಧಿಸುವ ಕ್ರಮವಿದೆ. ಆಚಾರ್ಯರು ಮೊದಲೇ ಎಚ್ಚರಿಕೆ ಕೊಡುತ್ತಾರೆ: ವೈರಿಯಿಂದ ಆರಂಭಿಸಬಾರದು. ಮೊದಲು ತನಗೆ ತಾನು ಹಿತವನ್ನು ಬಯಸಿಕೊಳ್ಳಬೇಕು. ಆಮೇಲೆ ಪೂಜ್ಯನಾದ ಗುರುವಿಗೆ, ಬಳಿಕ ಪ್ರಿಯನಾದ ಗೆಳೆಯನಿಗೆ, ಅನಂತರ ನಮಗೆ ಬೇಕೂ ಅಲ್ಲದ ಬೇಡವೂ ಅಲ್ಲದ ಮಧ್ಯಸ್ಥನಿಗೆ, ಎಲ್ಲಕ್ಕೂ ಕೊನೆಗೆ ವೈರಿಗೆ. ಅಲ್ಲಿ ಸಿಟ್ಟು ತಲೆಯೆತ್ತಿದರೆ ಮತ್ತೆ ಹಿಂದಿನ ಮೆಟ್ಟಿಲಿಗೆ ಇಳಿಯಬೇಕು.

ಮರುದಿನದಿಂದ ನಸುಕಿನಲ್ಲಿ ಎದ್ದು ನಾವು ಹೀಗೆ ಕುಳಿತುಕೊಳ್ಳತೊಡಗಿದೆವು. ನಮ್ಮ ಗುರುಗಳ ವರೆಗೆ ಏನೂ ತೊಂದರೆಯಾಗಲಿಲ್ಲ. ಮಧ್ಯಸ್ಥನ ಸ್ಥಾನದಲ್ಲಿ ನಮಗೆ ಹಾಲು ಹಾಕುವವನನ್ನು ನಿಲ್ಲಿಸಿದೆವು. ಆತನಿಗೂ ಹಿತವನ್ನು ಬಯಸಿದೆವು. ಆದರೆ ಮಾಸ್ತರರ ಸರದಿ ಬಂತೆಂದರೆ ನಮ್ಮ ಮೈತ್ರಿಯು ಕೆಸರಿನಲ್ಲಿ ಸಿಕ್ಕ ಎತ್ತಿನಂತೆ ನಿಂತುಬಿಡುತ್ತಿತ್ತು. ಎಂಟು ದಿನ ಹೀಗೇ ಆಯಿತು. ಒಂಬತ್ತನೆಯ ದಿನ ನಮ್ಮ ಮನೆಯವರು, “ಕುಂತಲ್ಲೆ ಕುಂತರ ಆಗೂ ಕೆಲಸಲ್ಲ ಅದು. ಹೋಗಿ ಬರೂಣು ನಡೀರಿ” ಎಂದರು. ಹೊರಡುವ ದಿನ ಅವರು ಚೀಲದಲ್ಲಿ ಒಂದು ಕೌದಿಯನ್ನು ಇಡುವದನ್ನು ಕಂಡೆವು. ಅವ್ವ ತನ್ನ ಹಳೆಯ ಸೀರೆಗಳಿಂದ ಹೊಲಿದ ಎರಡು ಕೌದಿಗಳಲ್ಲಿ ಅದೊಂದು. “ಅವ್ವನ ಕೌದೀನೇ ಬೇಕಾತೇನು?” ಎಂದು ಕೇಳಿದೆವು. “ಹಾಸಿಗಿ ಹಿಡದಾವರಿಗೆ ಅದು ಮೆತ್ತಗಿರ್ತೈತಿ” ಎಂದಷ್ಟೇ ಹೇಳಿ ಅವರು ಚೀಲದ ಬಾಯಿ ಕಟ್ಟಿದರು. ನಮಗೆ ಸಿಟ್ಟು ಬಂದಿತು. ಆದರೆ ಬಸ್ಸಿಗೆ ಹೊತ್ತಾಗಿತ್ತು.

ಹೊರಡುವ ಮುಂಚೆ ವೀರನಾರಾಯಣನ ಗುಡಿಗೆ ಹೋಗಿ ಕೈಮುಗಿದೆವು. ಕುಮಾರವ್ಯಾಸನು ಹತ್ತು ಪರ್ವಗಳ ಕನ್ನಡ ಭಾರತವನ್ನು ರಚಿಸಿದ್ದು ಈ ದೇವರ ಸನ್ನಿಧಿಯಲ್ಲೆಂದು ನಾಡೆಲ್ಲ ನಂಬಿದೆ. ಭಾರತವನ್ನು ಎಷ್ಟೋ ಸಲ ಓದಿ, ಓದಿಸಿ ಬಂದ ನಮಗೆ ಅಂದು ಕಂಬದ ಹತ್ತಿರ ನಿಂತಾಗ ಹೊಳೆದದ್ದಿಷ್ಟು: ಹದಿನೆಂಟು ಅಕ್ಷೋಹಿಣಿ ಸೈನ್ಯವನ್ನು ನುಂಗಿದ್ದು ಒಂದು ಸಭೆಯಲ್ಲಿ ಆಡಿದ, ಮಾಡಿದ ಸಂಗತಿಗಳ ನೆನಪು. ಆ ನೆನಪು ನ್ಯಾಯವಾದದ್ದೇ. ಆದರೂ ಗೆದ್ದವರು ಕೊನೆಗೆ ಕಂಡದ್ದು ಸುಖವನ್ನಲ್ಲ.

ಗದಗಿನಿಂದ ಡಂಬಳಕ್ಕೆ ಸುಮಾರು 20 ಕಿಲೋಮೀಟರು. ಎರೆಯ ಹೊಲಗಳು ಮಳೆಯಲ್ಲಿ ನೆಂದು ಕಪ್ಪಾಗಿ ಹೊಳೆಯುತ್ತಿದ್ದವು. ಬಲಗಡೆಗೆ ಕಪ್ಪತಗುಡ್ಡದ ಸಾಲು. ಅದರ ನೆತ್ತಿಯ ಮೇಲೆ ಗಾಳಿಯಂತ್ರಗಳು ನಿಧಾನವಾಗಿ ತಿರುಗುತ್ತಿದ್ದವು. ಔಷಧಿಯ ಗಿಡಮೂಲಿಕೆಗಳಿಗೆ ಹೆಸರಾದ ಈ ಗುಡ್ಡವನ್ನು ಸರಕಾರವು 2019ರಲ್ಲಿ ವನ್ಯಜೀವಿಧಾಮವೆಂದು ಘೋಷಿಸಿದೆ. ಗದಗ, ಮುಂಡರಗಿ, ಶಿರಹಟ್ಟಿ ಮೂರೂ ತಾಲೂಕುಗಳಿಗೆ ಈ ಗುಡ್ಡ ಸೇರಿದೆ. ಆದುದರಿಂದ ನಮ್ಮ ಎರಡು ದಿನದ ಪ್ರಯಾಣದಲ್ಲೆಲ್ಲ ಅದು ಒಂದು ಮಗ್ಗುಲಿಗೆ ಇದ್ದೇ ಇತ್ತು.

ಡಂಬಳವು ಇಂದು ಮುಂಡರಗಿ ತಾಲೂಕಿನ ಒಂದು ಹಳ್ಳಿ. ಹಿಂದೆ ಇದಕ್ಕೆ ಧರ್ಮವೊಳಲೆಂದು ಹೆಸರಿತ್ತು. ಹೆಸರಿಗೆ ತಕ್ಕ ಒಂದು ಸಾಕ್ಷಿಯೂ ಉಂಟು. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಳಿಕೆಯಲ್ಲಿ, 1095ನೆಯ ಇಸವಿಗೆ ಸೇರಿದ ಇಲ್ಲಿಯ ಶಿಲಾಶಾಸನವು ಬುದ್ಧನಿಗೆ ನಮಸ್ಕರಿಸಿ ಆರಂಭವಾಗುತ್ತದೆ. ರಾಣಿ ಲಕ್ಷ್ಮಾದೇವಿಯು ಈ ಸೀಮೆಯನ್ನು ಆಳುತ್ತಿದ್ದ ಕಾಲದಲ್ಲಿ, ಊರಿನ ಹದಿನಾರು ಮಂದಿ ಸೆಟ್ಟಿಗಳು ಇಲ್ಲಿ ಬುದ್ಧನ ವಿಹಾರವನ್ನು ಕಟ್ಟಿಸಿದ್ದರು. ಲೊಕ್ಕಿಗುಂಡಿಯ ಎಂದರೆ ಇಂದಿನ ಲಕ್ಕುಂಡಿಯ ಸಂಗವಯ್ಯಸೆಟ್ಟಿಯು ಆರ್ಯತಾರಾದೇವಿಯ ವಿಹಾರವನ್ನು ಕಟ್ಟಿಸಿದ್ದನು. ಫ್ಲೀಟ ಸಾಹೇಬರು 1881ರಲ್ಲಿ ಈ ಶಾಸನವನ್ನು ಪ್ರಕಟಿಸಿದರು. ಉತ್ತರದಲ್ಲಿ ನಳಂದೆಯು ಇನ್ನೂ ನಿಂತಿದ್ದ ಕಾಲವದು; ಆದರೆ ಕನ್ನಡ ನಾಡಿನಲ್ಲಿ ಬೌದ್ಧಧರ್ಮವು ಬಹಳ ಕ್ಷೀಣಿಸಿತ್ತು. ಅಂಥ ಸಮಯದಲ್ಲಿಯೂ ನಮ್ಮ ಸೀಮೆಯ ವ್ಯಾಪಾರಸ್ಥರು ತಾರೆಯನ್ನು ಸಾಕಿಕೊಂಡು ಬಂದರೆಂಬದು ಸಣ್ಣ ಮಾತಲ್ಲ.

ಆ ವಿಹಾರಗಳು ಇಂದು ನಿಂತಿಲ್ಲ. ನಿಂತಿರುವದು ಹನ್ನೆರಡನೆಯ ಶತಮಾನದ ದೊಡ್ಡಬಸಪ್ಪನ ಗುಡಿ. ಇದರ ತಳಪಾಯವು 24 ಮೂಲೆಗಳ ನಕ್ಷತ್ರದಂತಿದೆ. ಚೌಕಗಳನ್ನು ಸ್ವಲ್ಪ ಸ್ವಲ್ಪವೇ ತಿರುಗಿಸಿ ಒಂದರ ಮೇಲೊಂದು ಇಟ್ಟಂತೆ ಗೋಡೆಯು ಮೂಲೆಯಿಂದ ಮೂಲೆಗೆ ಹೊರಳುತ್ತ ಹೋಗುತ್ತದೆ. ನಾವು ಸುತ್ತು ಹಾಕುವಾಗ ಪ್ರತಿಯೊಂದು ಹೆಜ್ಜೆಗೂ ಬಿಸಿಲು ನೆರಳುಗಳು ಬದಲಾಗುತ್ತವೆ. ಒಳಗೆ ಲಿಂಗ, ಅದಕ್ಕೆದುರಾಗಿ ಗುಡಿಗೆ ಹೆಸರು ತಂದ ಭವ್ಯವಾದ ಬಸವಣ್ಣ. ಹತ್ತಿರದಲ್ಲಿಯೇ ಸೋಮೇಶ್ವರನ ಗುಡಿ. ಶಿವನೂ ತಾರೆಯೂ ಒಂದೇ ಊರಿನ ಉಪ್ಪು ಉಂಡರೆಂದು ಎಣಿಸಿ ನಮಗೆ ಸಮಾಧಾನವಾಯಿತು.

ತಾರೆಯನ್ನು ಪೂಜಿಸಿದವರು ಮಹಾಯಾನದವರು. ಅವರ ಪಂಥದ ಶಾಂತಿದೇವಾಚಾರ್ಯರು ಎಂಟನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ಬರೆದ ‘ಬೋಧಿಚರ್ಯಾವತಾರ’ದ ಆರನೆಯ ಪರಿಚ್ಛೇದವೆಲ್ಲ ಕ್ಷಮೆಯನ್ನು ಕುರಿತದ್ದು. ಅವರ ತರ್ಕವು ನಮ್ಮಂಥ ವ್ಯಾಕರಣದವರಿಗೆ ಹಿಡಿಸುವಂಥದು. ಬಡಿಗೆಯಿಂದ ಹೊಡೆಸಿಕೊಂಡವನು ಬಡಿಗೆಯ ಮೇಲೆ ಸಿಟ್ಟಾಗುವದಿಲ್ಲ, ಬಡಿಗೆಯನ್ನು ಎತ್ತಿದವನ ಮೇಲೆ ಆಗುತ್ತಾನೆ. ಆದರೆ ಅವನ ಕೈಯನ್ನು ಎತ್ತಿಸಿದ್ದು ಅವನೊಳಗಿನ ದ್ವೇಷ; ಹಾಗಾದರೆ ಅವನೂ ಒಂದು ಬಡಿಗೆಯೇ. ಪಿತ್ತ ಕೆರಳಿ ನಮಗೆ ನೋವಾದರೆ ಪಿತ್ತವನ್ನು ಬೈಯುವದಿಲ್ಲ. ಮನುಷ್ಯನೂ ಕಾರಣಗಳಿಂದ ಕೆರಳುವಂಥವನೇ ಅಲ್ಲವೇ? ಕ್ರಿಯೆಗೆ ಕರ್ತೃವನ್ನು ಹುಡುಕುವದೇ ವೃತ್ತಿಯಾದ ನಮಗೆ, ಕರ್ತೃವಿನ ಹಿಂದೆ ಮತ್ತೊಬ್ಬ ಕರ್ತೃವಿದ್ದಾನೆಂಬ ಈ ಮಾತು ಹೊಸದಾಗಿ ಕೇಳಿಸಿತು. ಆ ಮಾಸ್ತರರಿಗೆ ಆಗ ಮೂವರು ಹೆಣ್ಣುಮಕ್ಕಳು, ಸಾಲ, ನಮಗಿಂತ ಎರಡು ವರ್ಷ ಹೆಚ್ಚಿನ ಸೇವೆ. ಆ ಸ್ಥಾನವು ತಮಗೆ ಬರಬೇಕಾಗಿತ್ತೆಂದು ಅವರಿಗೆ ಅನಿಸಿರಬೇಕು. ಇದನ್ನು ನಾವು ಮೊದಲೇ ಅರಿಯದವರೇನಲ್ಲ. ಅರಿಯಲು ಒಲ್ಲದೆ ಇದ್ದವರು.

ಮಧ್ಯಾಹ್ನ ಡಂಬಳದ ಕೆರೆಯ ಏರಿಯ ಮೇಲೆ ಕುಳಿತು ರೊಟ್ಟಿಯ ಗಂಟನ್ನು ಬಿಚ್ಚಿದೆವು. ಕೆರೆಯ ಒಂದು ಅಂಚಿನಲ್ಲಿ ಪಾಚಿ ಹಬ್ಬಿತ್ತು. ಒಬ್ಬ ಕುರಿಗಾಹಿಯು ಬಂದು, ಎರಡೂ ಕೈಗಳಿಂದ ಪಾಚಿಯನ್ನು ಆಚೆಗೆ ಈಚೆಗೆ ಸರಿಸಿ, ಮುಖ ತೊಳೆದುಕೊಂಡು ಹೋದನು. ನಾವು ಊಟ ಬಿಟ್ಟು ಅದನ್ನೇ ನೋಡುತ್ತ ಕುಳಿತೆವು. ಏಕೆಂದರೆ ಬುದ್ಧನ ಶಿಷ್ಯೋತ್ತಮನಾದ ಸಾರಿಪುತ್ರನು ಹಗೆಯನ್ನು ಕಳೆದುಕೊಳ್ಳುವ ಐದು ದಾರಿಗಳನ್ನು ಭಿಕ್ಷುಗಳಿಗೆ ಹೇಳುವಾಗ ಕೊಟ್ಟ ಐದು ಉಪಮೆಗಳಲ್ಲಿ ಒಂದು ನಮ್ಮ ಕಣ್ಣ ಮುಂದೆಯೇ ನಡೆದುಹೋಗಿತ್ತು.

ಆ ಉಪದೇಶವು ಅಂಗುತ್ತರನಿಕಾಯದಲ್ಲಿದೆ. ಅಲ್ಲಿ ಹಗೆಗೆ ಬಂದಿರುವ ಶಬ್ದ ‘ಆಘಾತ’. ಕನ್ನಡದಲ್ಲಿ ಆಘಾತವೆಂದರೆ ತಿಂದ ಪೆಟ್ಟು. ಪಾಲಿಯಲ್ಲಿ, ಪೆಟ್ಟು ತಿಂದವನು ಒಳಗೆ ಇಟ್ಟುಕೊಂಡ ದ್ವೇಷ. ಸಾರಿಪುತ್ರನ ಮಾತಿನ ಸಾರವಿದು. ಕೆಲವರ ನಡತೆ ಕೆಟ್ಟದ್ದು, ಮಾತು ಒಳ್ಳೆಯದು. ಬೀದಿಯಲ್ಲಿ ಬಿದ್ದ ಚಿಂದಿಯನ್ನು ಕಂಡ ಭಿಕ್ಷುವು ಅದನ್ನು ಕಾಲಿನಿಂದ ಒತ್ತಿ ಹಿಡಿದು, ಗಟ್ಟಿಯಿದ್ದಷ್ಟು ಹರಿದುಕೊಂಡು ಹೋಗುವಂತೆ, ಇಂಥವರ ಒಳ್ಳೆಯ ಮಾತನ್ನಷ್ಟೇ ನೆನೆಯಬೇಕು. ಕೆಲವರ ಮಾತು ಕೆಟ್ಟದ್ದು, ನಡತೆ ಒಳ್ಳೆಯದು. ಅಲ್ಲಿ ಪಾಚಿಯನ್ನು ಸರಿಸಿ ನೀರು ಕುಡಿಯಬೇಕು. ಕೆಲವರ ಮಾತೂ ನಡತೆಯೂ ಕೆಟ್ಟವು, ಆದರೂ ಒಮ್ಮೊಮ್ಮೆ ಮನಸ್ಸು ತಿಳಿಯಾಗುತ್ತದೆ. ದಾರಿಯಲ್ಲಿ ಬಾಯಾರಿದವನು ಗೋಷ್ಪದದಲ್ಲಿ, ಎಂದರೆ ದನದ ಹೆಜ್ಜೆಯಲ್ಲಿ ನಿಂತ ಚೂರು ನೀರನ್ನು ಕೈಯಿಂದ ಕಲಕದೆ, ಮಂಡಿಯೂರಿ ಬಾಯಿಂದಲೇ ಹೀರುವಂತೆ, ಅಂಥವರ ಆ ಒಂದು ಗಳಿಗೆಯ ತಿಳಿಯನ್ನು ಹಿಡಿಯಬೇಕು. ಇನ್ನು ಕೆಲವರಲ್ಲಿ ಯಾವ ಒಳಿತೂ ಕಾಣುವದಿಲ್ಲ. ಹಿಂದೂ ಮುಂದೂ ಊರಿಲ್ಲದ ದಾರಿಯಲ್ಲಿ ರೋಗದಿಂದ ಬಿದ್ದ ಪಯಣಿಗನನ್ನು ಕಂಡರೆ ಹೇಗೆ ಮರುಕ ಹುಟ್ಟುವದೋ ಹಾಗೆ ಅಂಥವರ ವಿಷಯದಲ್ಲಿ ಮರುಗಬೇಕು. ಐದನೆಯವರು ಎಲ್ಲ ವಿಧದಿಂದಲೂ ಒಳ್ಳೆಯವರು. ಅವರು ತಿಳಿನೀರಿನ ಕೊಳದಂತೆ. ಅವರ ಮೇಲೆಯೂ ಹಗೆ ಸಾಧಿಸುವವರು ಇರುವದರಿಂದಲೇ ಅವರನ್ನೂ ಎಣಿಕೆಯಲ್ಲಿ ಸೇರಿಸಿರಬೇಕು.

ಇದೆಲ್ಲವೂ ದೊಡ್ಡ ತತ್ವವೇನಲ್ಲ, ಮನೆವಾರ್ತೆಯ ಜಾಣತನ. ಹುಳುಕು ಬದನೆಕಾಯಿಯಲ್ಲಿ ಒಳ್ಳೆಯ ಹೋಳನ್ನು ಹೆಚ್ಚಿಕೊಳ್ಳುವ ಗೃಹಿಣಿಯು ಇದನ್ನು ದಿನಾಲು ಮಾಡುತ್ತಾಳೆ. ಮನುಷ್ಯರ ವಿಷಯದಲ್ಲಿ ಮಾತ್ರ ನಾವು ಇಡಿಯ ಬುಟ್ಟಿಯನ್ನೇ ತಿಪ್ಪೆಗೆ ಸುರಿಯುತ್ತೇವೆ.

ಏರಿಯ ಮೇಲೆ ಕುಳಿತಾಗಲೇ ನಮ್ಮ ಮನೆಯವರು, “ಸಣ್ಣಾವಗ ಜ್ವರ ನೆತ್ತಿಗೇರಿದ ರಾತ್ರಿ ನೆನಪೈತೇನು?” ಎಂದು ಕೇಳಿದರು. ನಮಗೆ ಒಮ್ಮೆಲೇ ಎಲ್ಲವೂ ನೆನಪಾಯಿತು. ನಮ್ಮ ಕಿರಿಯ ಮಗನು ಮೂರು ವರ್ಷದವನಿದ್ದಾಗ ಒಂದು ಮಳೆಯ ರಾತ್ರಿ ಜ್ವರದಿಂದ ಕೈಕಾಲು ಸೆಟೆದುಕೊಂಡನು. ಸೈಕಲ್ಲು ಹತ್ತಿ, ತೊಯ್ಸಿಕೊಂಡು ಹೋಗಿ ಡಾಕ್ಟರರನ್ನು ಎಬ್ಬಿಸಿ ಕರೆದುತಂದವರು ಇದೇ ಮಾಸ್ತರರು. ಅರ್ಜಿ ಬರುವದಕ್ಕೆ ಎರಡು ವರ್ಷ ಮುಂಚಿನ ಸಂಗತಿಯಿದು. ಇಪ್ಪತ್ತೆರಡು ವರ್ಷಗಳಲ್ಲಿ ನಾವು ಆ ಅರ್ಜಿಯ ಒಂದು ಅಕ್ಷರವನ್ನೂ ಮರೆತಿಲ್ಲ. ಈ ಸೈಕಲ್ಲನ್ನು ಒಮ್ಮೆಯೂ ನೆನೆದಿದ್ದಿಲ್ಲ. ಲೆಕ್ಕ ತಪ್ಪಿದವರು ನಾವೂ ಹೌದೆಂದು ತಿಳಿದು ತಲೆ ಬಾಗಿತು.

ರಾತ್ರಿ ಮುಂಡರಗಿಯಲ್ಲಿ ಬೀಗರ ಮನೆಯಲ್ಲಿ ಉಳಿದೆವು. ಈ ಊರಿನ ಭೀಮರಾಯನು 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದು, ಕೊಪ್ಪಳದ ಕೋಟೆಯಲ್ಲಿ ಹೋರಾಡಿ ಮಡಿದನು. ಊಟವಾದ ಮೇಲೆ ಮಾತು ಬೆಳೆದು, ಬೀಗರು ನಮ್ಮನ್ನು ಕೇಳಿದರು: “ಎಲ್ಲಾರೂ ನಿಮ್ಮ ಬುದ್ಧನ್ಹಾಂಗ ಕ್ಷಮಾ ಮಾಡಕೋತ ಕುಂತಿದ್ದರ ಭೀಮರಾಯ ಏಳತಿದ್ದನೇನ್ರಿ?” ಪ್ರಶ್ನೆ ಯೋಗ್ಯವಾದದ್ದು. ಅನ್ಯಾಯವನ್ನು ಎದುರಿಸಬಾರದೆಂದು ಬುದ್ಧಗುರುವು ಹೇಳಿಲ್ಲ. ಎದುರಿಸುವವನ ಎದೆಯೊಳಗೆ ವಿಷ ಬೇಡವೆಂದು ಹೇಳಿದ್ದಾನೆ. ಕುಡಿದು ಬಂದು ಹೊಡೆಯುವ ಗಂಡನನ್ನು ತಾಳಿಕೊಂಡಿರೆಂದು ಹೆಣ್ಣುಮಗಳಿಗೆ ಈ ಉಪದೇಶದ ಹೆಸರಿನಿಂದ ಹೇಳುವವರು ಉಪದೇಶಕ್ಕೂ ಆ ಹೆಣ್ಣುಮಗಳಿಗೂ ದ್ರೋಹ ಮಾಡಿದಂತೆ. ಮೊದಲು ಆಕೆಯನ್ನು ಪೆಟ್ಟಿನಿಂದ ದೂರ ಒಯ್ಯಬೇಕು. ಸುಳ್ಳು ಅರ್ಜಿಗೆ ನಾವು ಲೆಕ್ಕಪತ್ರ ಒದಗಿಸಿ ಉತ್ತರ ಕೊಟ್ಟಿದ್ದೂ ಸರಿಯೇ. ವಿಚಾರಣೆಯು ಒಂದೂವರೆ ವರ್ಷಕ್ಕೆ ಮುಗಿಯಿತು. ಉಳಿದ ಇಪ್ಪತ್ತು ವರ್ಷ ನಾವು ನಡೆಸಿದ ವಿಚಾರಣೆಯಿದೆಯಲ್ಲ, ಅದರಲ್ಲಿ ಶಿಕ್ಷೆಯಾದದ್ದು ನಮಗೊಬ್ಬರಿಗೇ.

ಬೀಗರಿಗೆ ಮತ್ತೊಂದು ಮಾತನ್ನೂ ಹೇಳಿದೆವು. ಅದೇ ಕೊಪ್ಪಳದ ಗವಿಮಠ, ಪಾಲ್ಕಿಗುಂಡುಗಳ ಬಂಡೆಗಳ ಮೇಲೆ ಅಶೋಕ ಚಕ್ರವರ್ತಿಯ ಶಾಸನಗಳಿವೆ. ಕಲಿಂಗದ ರಣದಲ್ಲಿ ಗೆದ್ದು ಪಶ್ಚಾತ್ತಾಪಪಟ್ಟ ಆತನು, ಎರ್ರಗುಡಿ ಮೊದಲಾದ ಕಡೆಗಳಲ್ಲಿ ಬರೆಸಿದ ಹದಿಮೂರನೆಯ ಶಾಸನದಲ್ಲಿ, ಅಪರಾಧ ಮಾಡಿದವನನ್ನು ಕ್ಷಮಿಸಲು ಸಾಧ್ಯವಾದಷ್ಟರ ಮಟ್ಟಿಗೆ ಕ್ಷಮಿಸಬೇಕೆಂಬ ಅಭಿಪ್ರಾಯವನ್ನು ತಿಳಿಸಿದ್ದಾನೆ. ‘ಸಾಧ್ಯವಾದಷ್ಟು’ ಎಂಬ ಆ ಅಳತೆಯ ಮಾತು ನಮಗೆ ಬಹಳ ಧೈರ್ಯ ಕೊಟ್ಟಿತು. ಚಕ್ರವರ್ತಿಗೇ ಅಳತೆಯಿದ್ದ ಮೇಲೆ ನಿವೃತ್ತ ಮಾಸ್ತರನಿಗೆ ಇರಬಾರದೇ?

ಮರುದಿನ ಬೆಳಿಗ್ಗೆ ಬಸ್ಸು ನಮ್ಮನ್ನು ಆ ಹಳ್ಳಿಯ ಅಗಸಿಗೆ ಇಳಿಸಿತು. ರಾತ್ರಿಯ ಮಳೆಗೆ ಹಾದಿ ಮೆತ್ತಗಾಗಿ, ದನಗಳ ಹೆಜ್ಜೆಗಳಲ್ಲೆಲ್ಲ ನೀರು ನಿಂತಿತ್ತು. ಒಂದೊಂದು ಹೆಜ್ಜೆಯಲ್ಲಿಯೂ ಒಂದೊಂದು ತುಂಡು ಆಕಾಶ. ಅವುಗಳನ್ನು ತುಳಿಯದಂತೆ ನೋಡಿಕೊಂಡು ನಡೆದೆವು.

ಮಾಸ್ತರರು ಪಡಸಾಲೆಯಲ್ಲಿ ಹೊರಸಿನ ಮೇಲೆ ಮಲಗಿದ್ದರು. ದಷ್ಟಪುಷ್ಟರಾಗಿದ್ದ ಮನುಷ್ಯರು ಈಗ ಹೊದಿಕೆಯ ಕೆಳಗೆ ಇದ್ದಾರೋ ಇಲ್ಲವೋ ಎಂಬಂತಿದ್ದರು. ಬಲಗೈ ಸತ್ತುಹೋಗಿತ್ತು, ಆ ಅರ್ಜಿಯನ್ನು ಬರೆದ ಕೈ. ಇಂಥ ಗಳಿಗೆಯಲ್ಲಿ ನಮ್ಮ ಮನಸ್ಸು ಒಳಗೊಳಗೇ ಹಿಗ್ಗೀತೆಂದು ನಾವು ಅಂಜಿದ್ದೆವು. ಹಿಗ್ಗಲಿಲ್ಲ. ಬುದ್ಧಘೋಷರು ಕೇಳುವ ಒಂದು ಪ್ರಶ್ನೆ ನೆನಪಿಗೆ ಬಂದಿತು: ನೀನು ಯಾರ ಮೇಲೆ ಸಿಟ್ಟಾಗಿರುವೆ? ಈ ತಲೆಗೂದಲಿನ ಮೇಲೆಯೋ, ಉಗುರಿನ ಮೇಲೆಯೋ, ಎಲುಬಿನ ಮೇಲೆಯೋ? ಮನೆಯಲ್ಲಿ ಓದಿದಾಗ ಅದು ಚಮತ್ಕಾರವೆಂದು ನಕ್ಕಿದ್ದೆವು. ಆ ಕೈಯ ಎದುರಿಗೆ ನಿಂತಾಗ ನಗು ಬರಲಿಲ್ಲ. ನಾವು ಹಗೆ ಸಾಧಿಸುತ್ತಿದ್ದ ಮನುಷ್ಯರು ಅಲ್ಲಿ ಇದ್ದಿಲ್ಲ.

ಅವರ ಮನೆಯವರು ನಮ್ಮನ್ನು ಗುರುತಿಸಿ, ಏನೋ ಹೇಳಲು ಹೋಗಿ, ಹೇಳದೆ, ಚಹ ಇಡಲು ಒಳಗೆ ಹೋದರು. ಅವರಿಗೆ ಎಲ್ಲವೂ ತಿಳಿದಿತ್ತೆಂದು ಕಾಣುತ್ತದೆ. ಮಾಸ್ತರರು ನಮ್ಮನ್ನು ಬಹಳ ಹೊತ್ತು ನೋಡಿದರು, ಮಾತು ಹೊರಡಲಿಲ್ಲ. ನಮ್ಮ ಮನೆಯವರು ಚೀಲದಿಂದ ಕೌದಿಯನ್ನು ತೆಗೆದು ನಮ್ಮ ಕೈಗೆ ಕೊಟ್ಟರು, ಅವರಿಗೆ ಕೊಡಲಿಲ್ಲ. ‘ವಿಸುದ್ಧಿಮಗ್ಗ’ದಲ್ಲಿ, ಎಲ್ಲ ಉಪಾಯಗಳೂ ಸೋತಾಗ ಮಾಡಬೇಕಾದ ಕೊನೆಯ ಉಪಾಯವೆಂದರೆ ದಾನ. ಚಿತ್ತಲಪರ್ವತದ ವಿಹಾರದಲ್ಲಿ ಒಬ್ಬ ಹಿರಿಯ ಭಿಕ್ಷುವು ಮತ್ತೊಬ್ಬನನ್ನು ಮೂರು ಸಲ ಅವನ ವಸತಿಯಿಂದ ಎಬ್ಬಿಸಿ ಕಳಿಸಿದನಂತೆ. ಎಬ್ಬಿಸಿಕೊಂಡವನು ತನ್ನ ಭಿಕ್ಷಾಪಾತ್ರೆಯನ್ನೇ ಆ ಹಿರಿಯನಿಗೆ ಕೊಟ್ಟುಬಿಟ್ಟನು. ಅದು ಅವನ ತಾಯಿ ಕೊಟ್ಟ ಪಾತ್ರೆ; ಆಕೆಗೆ ಪುಣ್ಯ ಬರಲೆಂದು ಕೊಟ್ಟನು. ಈ ಕಥೆಯನ್ನು ನಾವು ಮನೆಯವರಿಗೆ ಹೇಳಿದ್ದಿಲ್ಲ.

ಕೌದಿಯನ್ನು ಬಿಚ್ಚಿ ಅವರ ಕಾಲಿನಿಂದ ಎದೆಯ ವರೆಗೆ ಹೊದಿಸಿದೆವು. ಅವರು ಎಡಗೈಯಿಂದ ಅದರ ಅಂಚನ್ನು ಮುಟ್ಟಿದರು. ಅವ್ವನ ಹೊಲಿಗೆಯ ಸಾಲುಗಳು ಇರುವೆಯ ಸಾಲಿನಂತೆ ಒತ್ತಾಗಿ, ನೆಟ್ಟಗೆ ಹೋಗುತ್ತಿದ್ದವು. ಆಕೆಯ ಕೈ ಬಲ್ಲವರು ಮರೆಯುವಂಥದಲ್ಲ. ಮಾಸ್ತರರು ಬಹಳ ಪ್ರಯಾಸದಿಂದ, ಅಕ್ಷರಕ್ಕೊಮ್ಮೆ ನಿಂತು, “ಅವ್ವಾರು... ಹೊಲದದ್ದು” ಎಂದರು. “ಹೌದ್ರಿ” ಎಂದೆವು. ಅವರು ಮುಖವನ್ನು ಗೋಡೆಯ ಕಡೆಗೆ ಹೊರಳಿಸಿದರು. ಕೈ ಮಾತ್ರ ಕೌದಿಯ ಮೇಲೆಯೇ ಇತ್ತು.

ಅದು ಪಶ್ಚಾತ್ತಾಪವೋ, ದೌರ್ಬಲ್ಯವೋ, ಎಂದೋ ಉಂಡ ಊಟದ ನೆನಪೋ ನಾವು ಹೇಳಲಾರೆವು. ಕೇಳುವದಕ್ಕೆ ಹೋಗಲಿಲ್ಲ. ಗೋಷ್ಪದದ ನೀರನ್ನು ಕಲಕಬಾರದು. ಈ ಸಂಸಾರದ ಉದ್ದದಲ್ಲಿ, ಹಿಂದೆ ಯಾವಾಗಲೋ ತನಗೆ ತಾಯಿಯಾಗದೆ ಇದ್ದ ಜೀವವನ್ನು ಕಾಣುವದು ಸುಲಭವಲ್ಲವೆಂಬ ಬುದ್ಧವಚನವನ್ನು ಆಚಾರ್ಯರು ಈ ಸಂದರ್ಭದಲ್ಲಿಯೇ ನೆನೆಯುತ್ತಾರೆ. ಅಷ್ಟು ದೂರ ನಮ್ಮ ಕಣ್ಣು ಹಾಯಲಿಲ್ಲ. ಅವರನ್ನು ತಾಯಿಯೆಂದು ಕಾಣುವದು ನಮ್ಮಿಂದಾಗಲಿಲ್ಲ. ನಮ್ಮ ತಾಯಿಯ ಅನ್ನ ಉಂಡವರೆಂದು ಮಾತ್ರ ಕಂಡೆವು. ಸದ್ಯಕ್ಕೆ ಅಷ್ಟೇ ಸಾಕಾಯಿತು.

ಅಲ್ಲಿಂದ ಶಿರಹಟ್ಟಿಗೆ ಬಂದು ಫಕೀರೇಶ್ವರ ಮಠದ ದರ್ಶನ ಪಡೆದೆವು. ಹಿಂದೂ ಮುಸಲ್ಮಾನರಿಬ್ಬರೂ ನಡೆದುಕೊಳ್ಳುವ ಗದ್ದುಗೆಯಿದು. ಸ್ವಾಮಿಗಳ ಹೆಸರಿನ ಹಿಂದೆಯೇ ‘ಫಕೀರ’ ಎಂಬ ಪದವಿದೆ. ದ್ವೇಷವನ್ನು ಬಿಟ್ಟು ಪ್ರೀತಿಸಬೇಕೆಂಬದೇ ಈ ಪೀಠದ ಮುಖ್ಯ ಸಂದೇಶ. ನಾವು ಪಾಲಿಯಲ್ಲಿಯೂ ಸಂಸ್ಕೃತದಲ್ಲಿಯೂ ತಡಕಾಡಿ ತಂದದ್ದನ್ನು ನಮ್ಮ ಜನ ಕನ್ನಡದ ಎರಡು ಮಾತುಗಳಲ್ಲಿ ಹೇಳಿಕೊಂಡು ಜಾತ್ರೆ ಮಾಡುತ್ತ ಬಂದಿದ್ದಾರೆಂದು ಮನೆಯವರು ನಗೆಯಾಡಿದರು.

ಲಕ್ಷ್ಮೇಶ್ವರವು ಹಳೆಯ ಪುಲಿಗೆರೆ, ತಿರುಳ್ಗನ್ನಡದ ಸೀಮೆ. ಇಲ್ಲಿಯ ಸೋಮೇಶ್ವರನು ಪಾರ್ವತಿಯೊಡನೆ ನಂದಿಯನ್ನು ಏರಿ ಕುಳಿತಿದ್ದಾನೆ. ಅದೇ ಊರಿನಲ್ಲಿ ಜೈನರ ಶಂಖಬಸದಿ, 1617ರಲ್ಲಿ ಅಂಕುಶಖಾನನು ಕಟ್ಟಿಸಿದ ಜುಮ್ಮಾ ಮಸೀದಿ. ಮತಮತಗಳ ಜಗಳದ ಕಥೆಗಳನ್ನೂ ಈ ಊರು ಕಂಡಿದೆ. ಸೋಮನಾಥನನ್ನು ಪುಲಿಗೆರೆಗೆ ತಂದ ಆದಯ್ಯನ ಕಥೆಯಲ್ಲಿ ಆ ಕಾವು ಇಂದಿಗೂ ತಿಳಿಯುತ್ತದೆ. ಕಾವು ಆರಿತು, ಕಲ್ಲುಗಳು ಉಳಿದವು. ಇಂದು ಮೂರನ್ನೂ ಒಂದೇ ಬೆಳಗಿನಲ್ಲಿ ನೋಡಿ ಬರಬಹುದು.

ಮರಳುವ ದಾರಿಯಲ್ಲಿ ಮಾಗಡಿಯ ಕೆರೆಯ ದಂಡೆಯಲ್ಲಿ ಸ್ವಲ್ಪ ಹೊತ್ತು ನಿಂತೆವು. ಚಳಿಗಾಲಕ್ಕೆ ಹಿಮಾಲಯವನ್ನು ದಾಟಿ ಪಟ್ಟೆತಲೆಯ ಹೆಬ್ಬಾತುಗಳು ಇಲ್ಲಿಗೆ ಬರುತ್ತವೆ. 2024ರಲ್ಲಿ ಈ ಕೆರೆಯು ರಾಮಸಾರ್ ಪಟ್ಟಿಗೆ ಸೇರಿದೆ. ಹಕ್ಕಿಗಳು ಬರುವ ಕಾಲ ಇನ್ನೂ ಆಗಿರಲಿಲ್ಲ. ಗಾಳಿಯಿಲ್ಲದೆ ನೀರು ನಿಶ್ಚಲವಾಗಿತ್ತು. ಸಾರಿಪುತ್ರನ ಐದನೆಯ ಉಪಮೆಗೆ ಮಾತ್ರ ನಾವು ಇಷ್ಟು ದೂರ ಬರಬೇಕಾಯಿತು.

ವಾಚಕರೇ, ನಮ್ಮ ಹಗೆಯು ಸಂಪೂರ್ಣವಾಗಿ ಹೋಯಿತೆಂದು ಹೇಳಿ ನಿಮ್ಮನ್ನು ವಂಚಿಸಲಾರೆವು. ಈಗಲೂ ಕೆಲವು ರಾತ್ರಿ ಅವ್ವನ ಪ್ರಶ್ನೆ ಕಿವಿಯಲ್ಲಿ ಕೇಳುತ್ತದೆ. ಆದರೆ ಮೊದಲು ಆ ಪ್ರಶ್ನೆಯ ಹಿಂದೆಯೇ ಅರ್ಜಿ ಬರುತ್ತಿತ್ತು. ಈಗ ಅದರ ಹಿಂದೆ ಮಳೆಯಲ್ಲಿ ತೊಯ್ದ ಒಂದು ಸೈಕಲ್ಲೂ ಬರುತ್ತದೆ. ನಸುಕಿನಲ್ಲಿ ಕುಳಿತಾಗ ಮಾಸ್ತರರ ಸರದಿಯಲ್ಲಿ ಎತ್ತು ಒಂದೆರಡು ಹೆಜ್ಜೆ ಮುಂದಕ್ಕೆ ಇಡುತ್ತದೆ. ನಿಮ್ಮಲ್ಲಿ ಯಾರಿಗಾದರೂ ಇಂಥ ಕಟ್ಟಿಕೊಂಡ ಗಂಟಿದ್ದರೆ, ಬೌದ್ಧ ಸಾಹಿತ್ಯವನ್ನು ಕನ್ನಡಕ್ಕೆ ತಂದುಕೊಟ್ಟ ಜಿ. ಪಿ. ರಾಜರತ್ನಂ ಅವರ ಪುಸ್ತಕಗಳನ್ನು ಓದಿರಿ. ಅದಕ್ಕಿಂತ ಮುಂಚೆ, ಆ ಮನುಷ್ಯನು ನಿಮಗೆ ಎಂದಾದರೂ ಮಾಡಿದ ಒಂದು ಒಳ್ಳೆಯ ಕೆಲಸವನ್ನು ನೆನಪಿಗೆ ತಂದುಕೊಳ್ಳಿರಿ. ಹೋಗಿ ನೋಡುವದಕ್ಕೆ ಸಾಧ್ಯವಿದ್ದರೆ, ಅವರು ಗೋಡೆಯ ಕಡೆಗೆ ಹೊರಳುವ ಮೊದಲೇ ಹೋಗಿ ಬನ್ನಿರಿ.

ಉಳಿದ ಇನ್ನೊಂದು ಕೌದಿ ನಮ್ಮ ಮನೆಯಲ್ಲಿದೆ. ಈ ಸಲದ ಚಳಿಗೆ ಅದನ್ನು ತೆಗೆದು ಹೊದ್ದುಕೊಳ್ಳಬೇಕೆಂದಿದ್ದೇವೆ. ಇಷ್ಟು ವರ್ಷ ಅದನ್ನು ಮುಟ್ಟುವ ಮನಸ್ಸಾಗಿರಲಿಲ್ಲ.